ಮೊದಲ ಪಾಠದ ಪಂಡಿತ

ಇಂಗ್ಲಿಷ್ ಕಲಿಸುವ ಪುಸ್ತಕ ಕೊಳ್ಳುವುದರಲ್ಲಿ ಈ ಲಿಫ್ಟ್ ಮೆಕ್ಯಾನಿಕ್ ಎತ್ತಿದ ಕೈ. ಅವುಗಳ ಮೊದಲ ಪಾಠವನ್ನು ಬರೆದವರೂ ಅವನಷ್ಟು ಸಲ ಓದಿರಲಾರರು. ಎರಡನೆಯ ಪಾಠ ಕಷ್ಟವೆನಿಸಿದೊಡನೆ ದೋಷ ಪುಸ್ತಕದ್ದೆಂದು ತೀರ್ಮಾನಿಸಿ, ಹೊಸದನ್ನು ತಂದು, ರಟ್ಟು ಹಾಕಿ, ಮತ್ತೆ ಕುಟುಂಬದ ಪರಿಚಯದಿಂದಲೇ ಆರಂಭಿಸುತ್ತಾನೆ. ಗಟ್ಟಿಯಾಗಿ ಓದುವುದು ಮಾತ್ರ ಕಟ್ಟಡದ ನೆತ್ತಿಯ ಯಂತ್ರದ ಕೋಣೆಯಲ್ಲಿ, ಮೋಟಾರು ಅಬ್ಬರಿಸುವಾಗ. ಅಲ್ಲಿ ಅವನ ತಪ್ಪು ಅವನಿಗೇ ಕೇಳಿಸದು. ಕೆಳಗಿಳಿದರೆ ಬಾಯಿಗೆ ಬೀಗ. "ನನ್ನ ನಾಲಿಗೆಗೆ ಇಂಗ್ಲಿಷ್ ಆಗಿಬರಲ್ಲ ಕಣೇ," ಎಂದರೆ ಹೆಂಡತಿ, "ನಾಲಿಗೆಗೇನು ಧಾಡಿ? ನನ್ನ ತಮ್ಮನ್ನ ಆಡ್ಕೊಳ್ಳೋವಾಗ ಚೆನ್ನಾಗೇ ಹೊರಳುತ್ತಲ್ಲ!" ಎನ್ನುತ್ತಾಳೆ. ತನ್ನಲ್ಲಿ ನಂಬಿಕೆ ಬಂದ ಮೇಲೆ ಮಾತಾಡುವೆನೆಂದು ಕಾಯುವವನಿಗೆ, ಮಾತಾಡದೆ ನಂಬಿಕೆ ಹೇಗೆ ಬಂದೀತೆಂಬುದು ಹೊಳೆದಿರಲಿಲ್ಲ. ಮೊನ್ನೆ ಕರೆಂಟು ಹೋಗಿ, ಇಂಗ್ಲಿಷ್ ಬಿಟ್ಟು ಬೇರೆ ಬಾರದ ವೃದ್ಧೆಯೊಬ್ಬರು ಮಹಡಿಗಳ ನಡುವೆ ಸಿಕ್ಕಿಕೊಂಡು, ಏದುಸಿರು ಬಿಡುತ್ತ ಬಾಗಿಲು ಬಡಿಯತೊಡಗಿದರು. ಜೊತೆಯ ಕೆಲಸಗಾರ ಯಂತ್ರದ ಕೋಣೆಗೇರಿ ಲಿಫ್ಟನ್ನು ಕೈಯಿಂದ ಇಳಿಸುವವರೆಗೆ ಆಕೆಯ ಉಸಿರನ್ನು ಹತೋಟಿಗೆ ತರಬೇಕಿತ್ತು, ಮೋಟಾರೂ ಮೌನವಾಗಿತ್ತು. ಬಾಗಿಲ ಸಂದಿಗೆ ಬಾಯಿಟ್ಟು, ತನಗೆ ಬರುವ ಒಂದೇ ಪಾಠವನ್ನು ಅವನು ಇಂಗ್ಲಿಷಿನಲ್ಲಿ ಒಪ್ಪಿಸಿದ: ನನ್ನ ಹೆಂಡತಿ ಎತ್ತರ, ನನ್ನ ಭಾವಮೈದುನ ದಪ್ಪ. ಬಡಿತ ನಿಂತಿತು. "ಎಷ್ಟು ದಪ್ಪ?" ಎಂದು ಒಳಗಿನಿಂದ ಇಂಗ್ಲಿಷಿನಲ್ಲೇ ಪ್ರಶ್ನೆ ಬಂತು. ಈ ಲಿಫ್ಟು ಹೊರಲಾರದಷ್ಟು ಎಂಬ, ಯಾವ ಪುಸ್ತಕದಲ್ಲೂ ಇಲ್ಲದ ಉತ್ತರವನ್ನು ಅವನು ತಪ್ಪುತಪ್ಪಾಗಿಯೇ ಜೋಡಿಸಿದ. ಬಾಗಿಲು ತೆರೆದಾಗ ಆಕೆ ಇನ್ನೂ ನಗುತ್ತಿದ್ದರು. "ಅಷ್ಟು ಹೊತ್ತು ಏನ್ರೀ ಮಾತಾಡಿದ್ರಿ?" ಎಂದು ಸಂಜೆ ಸುದ್ದಿ ಕೇಳಿದ ಹೆಂಡತಿ ಬೆರಗಾದಳು. "ನಿನ್ನ ತಮ್ಮನ ವಿಷಯ," ಎಂದವನು, ಅಡುಗೆಮನೆಯಲ್ಲಿ ಅವಳೆದುರೇ ಕುಳಿತು ಎರಡನೆಯ ಪಾಠವನ್ನು ಗಟ್ಟಿಯಾಗಿ ಓದತೊಡಗಿದ.