ಎಕ್ಸ್‌ರೇ ತೊಳೆದ ಫಿಲ್ಮುಗಳು

ಆಸ್ಪತ್ರೆಯಲ್ಲಿ ಎಲ್ಲರೂ ಅವನನ್ನು ಎಕ್ಸ್‌ರೇ ಎಂದೇ ಕರೆಯುತ್ತಿದ್ದರು. ಅವನ ಗೆಳೆಯನಾದ ನಾನೂ ಹಾಗೇ ಕರೆದೆ. ಅವನು ಹೋಗಿ ಎರಡು ತಿಂಗಳಾದರೂ ನನ್ನ ಬಾಯಿಗೆ ಬೇರೆ ಹೆಸರು ಬರುವುದಿಲ್ಲ. ನೆಲಮಾಳಿಗೆಯ ಕತ್ತಲೆ ಕೋಣೆಯಲ್ಲಿ ಕೂತು ಇಪ್ಪತ್ತಾರು ವರ್ಷ ಜನರ ಮೂಳೆಗಳ ಫಿಲ್ಮು ತೊಳೆದವನು. ಮುಖ ಕಂಡರೆ ಯಾರೆಂದು ಗೊತ್ತಾಗುವುದಿಲ್ಲ, ಪಕ್ಕೆಲುಬು ತೋರಿಸಿದರೆ ಹೆಸರು ಹೇಳುತ್ತೇನೆ ಎನ್ನುತ್ತಿದ್ದ.

ಕಂಪ್ಯೂಟರ್ ಯಂತ್ರ ಬಂದು ಆ ಕೋಣೆಗೆ ಬೀಗ ಬಿದ್ದ ವರ್ಷವೇ ಅವನ ಅಕ್ಕನಿಗೆ ಪಾರ್ಶ್ವವಾಯು ಬಡಿಯಿತು. ತಾಯಿ ತೀರಿದಾಗ ಇವನಿಗೆ ಆರು, ಅಕ್ಕನಿಗೆ ಹದಿನೇಳು. ಊರವರ ಬಟ್ಟೆ ಹೊಲಿದು ತಮ್ಮನನ್ನು ಸಾಕಿದಳು, ಬಂದ ಎರಡು ಸಂಬಂಧಗಳನ್ನೂ ಅವನಿಗಾಗಿಯೇ ಬಿಟ್ಟಳು. ಅವನೂ ಮದುವೆಯಾಗಲಿಲ್ಲ. ಈಗ ಅಕ್ಕನ ಬಲಭಾಗ ಬಿದ್ದುಹೋಗಿತ್ತು, ಮಾತು ನಿಂತಿತ್ತು. ಉಳಿದದ್ದು ಎಡಗೈ ಮತ್ತು ಆ ಕೈಯಲ್ಲೊಂದು ಚಮಚ. ಹತ್ತು ನಿಮಿಷ ತಮ್ಮ ಕಣ್ಣಿಗೆ ಬೀಳದಿದ್ದರೆ ಕಬ್ಬಿಣದ ಮಂಚಕ್ಕೆ ಟಣ್ ಟಣ್ ಎಂದು ಬಡಿಯುತ್ತಿದ್ದಳು. ಬೇರೆ ಯಾರು ಹೋದರೂ ನಿಲ್ಲಿಸುತ್ತಿರಲಿಲ್ಲ.

ಮೂರನೇ ಮಹಡಿ, ಎರಡು ಕೋಣೆ. ಇಳಿದರೆ ಮೂಲೆಯ ಅಂಗಡಿ, ಅಲ್ಲಿಂದ ಓಡುತ್ತಾ ವಾಪಸ್ಸು. ಒಂಬತ್ತು ವರ್ಷ ಅದಕ್ಕಿಂತ ದೂರ ಅವನು ಹೋಗಲಿಲ್ಲ.

ಅವರ ಬೀದಿಯ ಸ್ಟುಡಿಯೋದವರು ಅಂಗಡಿ ಮುಚ್ಚುವಾಗ ಒಂದು ರಟ್ಟಿನ ಪೆಟ್ಟಿಗೆ ತುಂಬ ಕಪ್ಪು ಬಿಳುಪು ರೋಲುಗಳನ್ನು ಅವನಿಗೆ ಕೊಟ್ಟರು. ಎಲ್ಲದರ ಅವಧಿ ಮುಗಿದು ಹದಿನಾಲ್ಕು ವರ್ಷವಾಗಿತ್ತು. ಜೊತೆಗೆ ಒಂದು ಹಳೆಯ ಕ್ಯಾಮೆರಾ. ಮೊದಲ ಮೂರು ರೋಲನ್ನು ಕಿಟಕಿಯಿಂದಲೇ ತೆಗೆದ. ಎದುರಿನ ಗೋಡೆ, ನೀರಿನ ಟ್ಯಾಂಕುಗಳು, ಒಂದು ಪೈಪಿನ ಮೇಲೆ ಕೂತ ಕಾಗೆ. ಆಮೇಲೆ ಒಂದು ಶನಿವಾರ ನಾನು ಹೋದಾಗ ಕ್ಯಾಮೆರಾವನ್ನು ನನ್ನ ಕೊರಳಿಗೆ ಹಾಕಿದ. “ಈ ಕಿಟಕಿ ಮುಗೀತು ಕಣೋ,” ಅಂದ. “ಇನ್ನು ನೀನು ನೋಡ್ಕೊಂಡು ಬಾ.”

ಅಂದಿನಿಂದ ನಾನು ಅವನ ಕಾಲಾದೆ. ಛಾಪಖಾನೆಯಲ್ಲಿ ಕರಡು ತಿದ್ದುವ ಕೆಲಸ ನನ್ನದು, ಶನಿವಾರ ಅರ್ಧ ದಿನ ರಜೆ. ಎಲ್ಲಿಗೆ ಹೋಗಬೇಕೆಂದು ಅವನೇ ಹೇಳುತ್ತಿದ್ದ. ರೈಲ್ವೆ ಹಳಿ ದಾಟುವ ಸೇತುವೆ, ಮುಚ್ಚಿದ ಬಟ್ಟೆ ಗಿರಣಿ, ಊರಾಚೆಯ ಕೆರೆ. ವಯಸ್ಸಾದ ಫಿಲ್ಮು, ಕಣ್ಣು ಮಂಜು, ಬೆಳಕು ಜಾಸ್ತಿ ಕೊಡು ಎಂದು ರೋಗಿಯ ಮನೆಯವರಿಗೆ ಹೇಳುವಂತೆ ಹೇಳಿ ಕಳಿಸುತ್ತಿದ್ದ.

ತೊಳೆಯುವುದು ಬಚ್ಚಲಮನೆಯಲ್ಲಿ, ಹಾಡುಹಗಲಲ್ಲೇ. ಬಾಗಿಲ ಸಂದಿಗೆಲ್ಲ ಕಪ್ಪು ಬಟ್ಟೆ ತುರುಕಿ, ಆ ಕತ್ತಲೆಯಲ್ಲಿ ಫಿಲ್ಮನ್ನು ಸುರುಳಿಗೆ ಸುತ್ತಿ ಡಬ್ಬಿಗೆ ಹಾಕಬೇಕು. ಹಳೆಯ ಫಿಲ್ಮು ಮುನಿಸಿಕೊಂಡ ಮಗುವಿನ ಹಾಗೆ ಮುದುಡಿಕೊಳ್ಳುತ್ತದೆ, ಹತ್ತು ಹದಿನೈದು ನಿಮಿಷ ಬೇಕೇ ಬೇಕು. ಅಷ್ಟರಲ್ಲಿ ಚಮಚದ ಸದ್ದು ಕೇಳಿದರೆ ಬಾಗಿಲು ತೆಗೆದೇಬಿಡುತ್ತಿದ್ದ, ರೋಲು ಹಾಳು. ಹಾಗೆ ಐದು ರೋಲು ಹೋದ ಮೇಲೆ ಉಪಾಯ ಕಂಡುಕೊಂಡ. ಒಳಗೆ ಕೂತು ಗಟ್ಟಿಯಾಗಿ ನನ್ನನ್ನು ಬೈಯತೊಡಗಿದ. ಕತ್ತೆಗೆ ಕ್ಯಾಮೆರಾ ಕೊಟ್ಟರೂ ಇವನಿಗಿಂತ ನೆಟ್ಟಗೆ ಹಿಡಿಯುತ್ತದೆ, ಸೇತುವೆ ತೆಗೆಯೋ ಅಂದರೆ ತನ್ನ ಹೆಬ್ಬೆರಳು ತೆಗೆದುಕೊಂಡು ಬರುತ್ತಾನೆ, ಹೀಗೆ. ತಮ್ಮನ ದನಿ ಕೇಳುತ್ತಿರುವಷ್ಟು ಹೊತ್ತೂ ಅಕ್ಕ ಬಡಿಯುತ್ತಿರಲಿಲ್ಲ. ಬಾಯಿಯ ಒಂದೇ ಮೂಲೆಯಿಂದ ನಗುತ್ತಿದ್ದಳು.

ಡಬ್ಬಿ ಮುಚ್ಚಿದ ಮೇಲೆ ಕತ್ತಲೆ ಬೇಕಿಲ್ಲ. ಅಕ್ಕನ ಪಕ್ಕ ಕೂತು, ಮಂಜು ಏರದಿರಲೆಂದು ಚಿತ್ರ ಮೂಡಿಸುವ ಡೆವಲಪರ್ ದ್ರಾವಣಕ್ಕೆ ಚಿಟಿಕೆ ಬ್ರೋಮೈಡ್ ಪುಡಿ ಬೆರೆಸಿ, ಡಬ್ಬಿಯನ್ನು ತಿರುಗಿಸುತ್ತಾ ಗಡಿಯಾರ ನೋಡುತ್ತಿದ್ದ. ಎಷ್ಟು ಬೆರೆಸಿದರೂ ಮಂಜು ಪೂರ್ತಿ ಹೋಗುತ್ತಿರಲಿಲ್ಲ. ಎಲ್ಲವೂ ಬೂದಿ ಸುರಿದಂತೆ ಕಾಣುತ್ತಿತ್ತು. ಒಣಗಿದ ನೆಗೆಟಿವನ್ನು ಕಿಟಕಿಗೆ ಹಿಡಿದು, ಭೂತಗನ್ನಡಿಯಿಟ್ಟು ಒಂದೊಂದು ಚೌಕಕ್ಕೂ ಐದು ನಿಮಿಷ ನೋಡುತ್ತಿದ್ದ. ಈ ಮರದ ಹಿಂದೆ ಏನಿತ್ತು, ಈ ಮುದುಕ ಯಾವ ಕಡೆ ಹೋದ ಎಂದು ವಿಚಾರಿಸುತ್ತಿದ್ದ. ವಾರಕ್ಕೆ ಮೂವತ್ತಾರು ಚೌಕ. ಅವನ ಪಾಲಿಗೆ ಹೊರಗಿನ ಲೋಕ ಅಂದರೆ ಅಷ್ಟೇ.

ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮೋಸ ಮಾಡಿದೆ.

ಆ ಬೇಸಿಗೆಯಲ್ಲಿ ಮೊಣಕಾಲು ನೋಯುತ್ತಿತ್ತು. ಕೆರೆಗೆ ಎರಡು ಬಸ್ಸು ಬದಲಿಸಬೇಕು. ನಮ್ಮ ಹಿತ್ತಿಲಾಚೆ ಒಂದು ಕೊಚ್ಚೆ ಹೊಂಡವಿದೆ. ಹೇಗೂ ಎಲ್ಲ ಮಂಜು, ನೀರು ಅಂದರೆ ನೀರು ಎಂದುಕೊಂಡು ಅದನ್ನೇ ನಾಲ್ಕು ದಿಕ್ಕಿನಿಂದ ತೆಗೆದುಕೊಟ್ಟೆ. ಅವನು ನೋಡಿದ, ಏನೂ ಕೇಳಲಿಲ್ಲ. ನನಗೆ ಧೈರ್ಯ ಬಂತು. ಎರಡು ತಿಂಗಳು ನಮ್ಮ ಹಿತ್ತಿಲು ಕೆರೆಯಾಯಿತು, ನಮ್ಮ ಓಣಿ ಗಿರಣಿಯಾಯಿತು.

ಒಂದು ದಿನ ಕಿಟಕಿಯಿಂದ ಕಣ್ಣು ತೆಗೆಯದೆಯೇ ಅವನು ಕೇಳಿದ. “ಕೆರೆಯ ಆಚೆ ದಡದಲ್ಲಿ ನಿನ್ನ ಹೆಂಡ್ತಿ ಬಟ್ಟೆ ಒಣಗಿಸ್ತಿದಾಳಲ್ಲೋ. ನಡೆದು ಹೋದ್ಲಾ, ಈಜ್ಕೊಂಡು ಹೋದ್ಲಾ?”

ನಾನೂ ಬಗ್ಗಿ ಆ ಚೌಕವನ್ನು ನೋಡಿದೆ.

“ಇಪ್ಪತ್ತಾರು ವರ್ಷ ಮಂಜಲ್ಲೇ ಮೂಳೆಯ ಕೂದಲೆಳೆ ಬಿರುಕು ಹುಡುಕಿದೋನು ನಾನು. ಮೊದಲನೇ ವಾರವೇ ಗೊತ್ತಾಯ್ತು. ನೀನಾಗೇ ಹೇಳ್ತೀಯ ಅಂತ ಕಾದೆ.” ಭೂತಗನ್ನಡಿ ಕೆಳಗಿಟ್ಟ. “ಸುಳ್ಳು ಹೇಳಿದ್ದಕ್ಕೆ ಬೇಜಾರಿಲ್ಲ ಕಣೋ. ಎರಡು ತಿಂಗಳು ನಾನೂ ನಿನ್ನ ಹಿತ್ತಿಲಲ್ಲೇ ಬಿದ್ದಿದ್ದೆ, ಅದಕ್ಕೆ.”

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ನನ್ನನ್ನು ಸಮಾಧಾನ ಮಾಡಲು ಹೋಗಲಿಲ್ಲ. “ನೀವು ತೆಗೆಯೋ ಫೋಟೋ ಯಾರಿಗೆ ಬೇಕು? ಅಕ್ಕನ ಹತ್ರ ನಾನು ಕೂತಿರ್ತೀನಿ. ಅವರೇ ಹೋಗ್ಲಿ,” ಅಂದಳು. ಮುಂದಿನ ನಾಲ್ಕು ಶನಿವಾರ ಅಕ್ಕನಿಗೆ ತನ್ನ ಅಭ್ಯಾಸ ಮಾಡಿಸಿದಳು. ಬೈಗುಳವನ್ನೂ ಕಲಿತಳು. ಅದೇನೂ ಅವಳಿಗೆ ಕಷ್ಟವಾಗಲಿಲ್ಲ.

ಐದನೇ ಶನಿವಾರ ಎಕ್ಸ್‌ರೇ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡ. ಮೂಲೆಯ ಅಂಗಡಿ ದಾಟಿ ಬಸ್‌ಸ್ಟಾಪಿಗೆ ಬಂದೆವು. ಚಮಚ ಅಕ್ಕನ ಕೈಗೆ ಸಿಗುವಂತೆ ಇಟ್ಟಿದ್ದೇನಾ ಎಂದು ಮೂರು ಸಲ ಕೇಳಿದ. ಎರಡು ಬಸ್ಸುಗಳನ್ನು ಬಿಟ್ಟ. ಮೂರನೆಯದಕ್ಕೆ ಒಂದು ಕಾಲು ಮೆಟ್ಟಿಲ ಮೇಲಿಟ್ಟು ಹಾಗೇ ನಿಂತ. “ಯಜಮಾನ್ರೇ, ಹತ್ತೋದಾ, ಇಲ್ಲ ಬಸ್ಸಿನ ಅಳತೆ ತಗೋತಿದೀರಾ?” ಎಂದು ಕಂಡಕ್ಟರು ಕೇಳಿದ. ಎಕ್ಸ್‌ರೇ ನಕ್ಕ, ಕಾಲು ಕೆಳಗಿಟ್ಟ. ಬಸ್ಸು ಹೋಯಿತು.

ಕ್ಯಾಮೆರಾ ಮತ್ತೆ ನನ್ನ ಕೊರಳಿಗೆ ಬಂತು. “ಅಲ್ಲಿಗೆ ಹೋದ್ರೂ ನನ್ನ ಕಿವಿ ಇಲ್ಲೇ ಇರುತ್ತೆ. ಬರೀ ಕಣ್ಣು ಕಳಿಸೋಕೆ ನೀನೇ ಸಾಕು. ಆದ್ರೆ ಈ ಸಲ ಹೋಗು.”

ಹೋದೆ. ಕುಂಟುತ್ತಾ ದಡದುದ್ದಕ್ಕೂ ನಡೆದು ಮೂವತ್ತಾರೂ ತೆಗೆದೆ. ಆ ರೋಲನ್ನು ಅವನು ಸೋಮವಾರ ತೊಳೆದ. ಸಂಜೆ ನಾನು ಹೋದಾಗ ಕೊನೆಯ ಚೌಕವನ್ನು ನೋಡುತ್ತಿದ್ದ. ದಡದ ಕಾಲುದಾರಿ ಅಲ್ಲಿ ಜೊಂಡಿನ ಹಿಂದೆ ತಿರುಗುತ್ತದೆ. ತಿರುವಿನ ಆಚೆ ಏನಿದೆ ಎಂದು ಕೇಳಿದ. ಗೊತ್ತಿಲ್ಲ, ಅಲ್ಲಿಂದಲೇ ಹಿಂದಿರುಗಿದೆ ಅಂದೆ. ನಿಜವನ್ನೇ ಹೇಳಿದ್ದಕ್ಕೆ ತಲೆಯಾಡಿಸಿ, ಮುಂದಿನ ವಾರ ನೋಡಿಕೊಂಡು ಬಾ ಅಂದ.

ಗುರುವಾರ ಬೆಳಿಗ್ಗೆ ಅಡುಗೆಮನೆಯಲ್ಲಿ ಕುಸಿದ. ಹೃದಯ ನಿಂತಿತ್ತು. ಅಕ್ಕ ಬಡಿಯುತ್ತಲೇ ಇದ್ದಳಂತೆ. ಆ ಸದ್ದು ಕಟ್ಟಡಕ್ಕೆಲ್ಲ ಅಭ್ಯಾಸವಾಗಿತ್ತು. ಕೆಳಗಿನ ಮನೆಯಾಕೆ ಮೇಲೆ ಬರುವ ಹೊತ್ತಿಗೆ ಒಂದು ಗಂಟೆ ದಾಟಿತ್ತು.

ಅಕ್ಕ ಈಗ ನಮ್ಮ ಮನೆಯಲ್ಲಿದ್ದಾಳೆ. ಹೆಂಡತಿ ಇಲ್ಲದಾಗ ನಾನು ಅವಳ ಕಣ್ಣೆದುರೇ ಕೂತು ಕರಡು ತಿದ್ದುತ್ತೇನೆ. ಅವಳನ್ನು ಬಿಟ್ಟು ಊರಾಚೆ ಹೋಗಲು ಈ ಶನಿವಾರದವರೆಗೆ ಆಗಿರಲಿಲ್ಲ.

ಈ ಶನಿವಾರ ಕೆರೆಗೆ ಹೋಗಿ ಆ ತಿರುವು ದಾಟಿದೆ. ಇಪ್ಪತ್ತು ಹೆಜ್ಜೆಗೆ ಎದೆಯೆತ್ತರದ ತಂತಿಬೇಲಿ. ದಾರಿ ಅಲ್ಲಿಗೇ ಮುಗಿಯುತ್ತದೆ. ಫೋಟೋ ತೆಗೆಯಲಿಲ್ಲ. ಸಿಕ್ಕಿದ ಮೊದಲ ಬಸ್ಸಿಗೇ ಹತ್ತಿ ಬಂದೆ.

ತಿರುವಿನ ಆಚೆ ಏನಿದೆ ಎಂದು ತಮ್ಮ ಕೇಳಿದಾಗ ಅಕ್ಕ ಅದೇ ಕೋಣೆಯಲ್ಲಿದ್ದಳು. ನಾನು ಒಳಗೆ ಬಂದು ಚಪ್ಪಲಿ ಬಿಡುವವರೆಗೂ ನನ್ನ ಮುಖವನ್ನೇ ನೋಡಿದಳು.

“ದಾರಿ ಇನ್ನೂ ಮುಂದಕ್ಕಿದೆ ಅಕ್ಕಾ,” ಅಂದೆ.