ದೊಡ್ಡಪ್ಪನ ಹೆಗಲ ಮೇಲಿನ ಕೈ

ದೆವ್ವ, ಶಕುನ ಎಂದವರನ್ನು ನಾನು ಯಾವಾಗಲೂ ನಕ್ಕು ಬಾಯಿ ಮುಚ್ಚಿಸಿದವನು. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ ಜಂಬ. ಈಗ ಹೇಳುವುದನ್ನು ನೀವು ನಂಬಬೇಕಿಲ್ಲ. ನನಗೇ ಪೂರ್ತಿ ನಂಬಿಕೆಯಿಲ್ಲ.

ಗುಬ್ಬಿಯ ದೊಡ್ಡಪ್ಪ ತೀರಿಕೊಂಡಾಗ ಗೋಡೆಗೆ ಹಾಕಲು ಒಳ್ಳೆಯ ಫೋಟೋ ಇರಲಿಲ್ಲ. ಯಾವುದೋ ಮದುವೆಯಲ್ಲಿ ಮೊಬೈಲಿನಲ್ಲಿ ತೆಗೆದದ್ದು ಒಂದಿತ್ತು. ಕುರ್ಚಿಯಲ್ಲಿ ದೊಡ್ಡಪ್ಪ, ಪಕ್ಕದಲ್ಲಿ ನಿಂತ ದೊಡ್ಡಮ್ಮ, ಅವರ ಹಸಿರು ಬಳೆಗಳ ಕೈ ದೊಡ್ಡಪ್ಪನ ಹೆಗಲ ಮೇಲೆ.

"ಬದುಕಿರೋರ ಕೈ ಮೇಲೆ ಹಾರ ಬೀಳಬಾರ್ದು ಕಣೋ, ತೆಗ್ದಾಕು" ಎಂದರು ಸೋದರತ್ತೆ. ದೊಡ್ಡಮ್ಮ ಫೋಟೋವನ್ನೇ ನೋಡುತ್ತಿದ್ದರು.

ಚಿಕ್ಕ ಚಿತ್ರವನ್ನು ಹಾಗೇ ಹಿಗ್ಗಿಸಿದರೆ ಮುಖ ಚೌಕ ಚೌಕವಾಗಿ ಒಡೆಯುತ್ತದೆ. ಮೊದಲು ದೊಡ್ಡಪ್ಪನಷ್ಟೇ ಉಳಿಯುವಂತೆ ಚಿತ್ರ ಕತ್ತರಿಸಿ, ಹೆಗಲ ಮೇಲುಳಿದ ಕೈ ಅಳಿಸಿ, ಅಲ್ಲಿ ಅಂಗಿಯ ಬಿಳುಪು ತುಂಬಿದೆ. ಆಮೇಲೆ ಸಾಫ್ಟ್‌ವೇರಿನಲ್ಲಿ ದೊಡ್ಡದು ಮಾಡಿದೆ. ತುಮಕೂರಿನ ಪ್ರಿಂಟಿಂಗ್ ಅಂಗಡಿಯಲ್ಲಿ ಹೆಗಲನ್ನು ಸ್ಕ್ರೀನ್ ತುಂಬ ಜೂಮ್ ಮಾಡಿಸಿ ನೋಡಿದೆ. ಕೈ ಇರಲಿಲ್ಲ. ಫ್ರೇಮ್ ಹಾಕಿ ಕಾಗದ ಸುತ್ತಿ ಕೊಟ್ಟರು.

ದೊಡ್ಡಪ್ಪನ ಶಿವಗಣಾರಾಧನೆಯ ಬೆಳಿಗ್ಗೆ ನೆಂಟರೆದುರು ಕಾಗದ ಬಿಚ್ಚಿದೆ. ಹೆಗಲ ಮೇಲೆ ಕೈ ಇತ್ತು.

"ಏನ್ಲಾ, ಅಷ್ಟೊಂದ್ ಓದಿ ಒಂದ್ ಕೈ ಅಳ್ಸಕ್ಕಾಗ್ಲಿಲ್ವಾ?" ಎಂದರು ಅತ್ತೆ. ಯಾರೋ ನಕ್ಕರು. ಅವಮಾನಕ್ಕೆ ಅಲ್ಲೇ ಅಂಗಡಿಯವನಿಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದೆ.

"ನೀವೇ ನೋಡಿ ಓಕೆ ಅಂದಿದ್ದಲ್ವಾ ಸಾರ್? ಫೈಲ್ ಇಲ್ಲೇ ಐತೆ, ಕೈನೂ ಇಲ್ಲ, ಬೆರಳೂ ಇಲ್ಲ" ಎಂದ ಅವನು, ಅದರ ಚಿತ್ರ ಕಳಿಸಿದ. ಹೆಗಲು ಖಾಲಿ.

"ಬುಡಪ್ಪ, ಅವನ್ನ ಯಾಕ್ ಬೈತೀಯ" ಎನ್ನುತ್ತ ದೊಡ್ಡಮ್ಮ ಫೋಟೋದ ಹತ್ತಿರ ಬಂದರು. ಆಗ ಗಮನಿಸಿದೆ, ಚಿತ್ರದ ಕೈಗೆ ಬಳೆಗಳಿರಲಿಲ್ಲ. ದೊಡ್ಡಮ್ಮ ತಮ್ಮ ಬರಿಗೈಯನ್ನು ಸೆರಗಿನೊಳಗೆ ಎಳೆದುಕೊಂಡರು.

ಬೇರೆ ಪ್ರಿಂಟ್ ಹಾಕಿಸುತ್ತೇನೆ ಎಂದೆ. ಅವರು ಒಪ್ಪಲಿಲ್ಲ. "ಅಳ್ಸೋಕ್ ಮುಂಚೆ ನನ್ನ ಒಂದ್ ಮಾತ್ ಕೇಳಿದ್ಯೇನಪ್ಪ?" ಎಂದರು, ಮೆಲ್ಲಗೆ. ಕೇಳಿರಲಿಲ್ಲ. ಯಾರೂ ಕೇಳಿರಲಿಲ್ಲ.

ದೊಡ್ಡದು ಮಾಡುವಾಗ ಸಾಫ್ಟ್‌ವೇರ್ ಚಿತ್ರದಲ್ಲಿ ಇಲ್ಲದ್ದನ್ನೂ ಊಹಿಸಿ ತುಂಬುತ್ತದೆ, ಗೊತ್ತು. ಆದರೆ ಸ್ಕ್ರೀನಿನಲ್ಲಿ ಇಲ್ಲದ್ದು ಕಾಗದದ ಮೇಲೆ ಹೇಗೆ ಬಂತು? ಅಥವಾ ಹಸಿರು ಬಳೆಗಳೇ ನನ್ನ ಸುಳ್ಳು ನೆನಪೋ? ಮೂಲ ಫೋಟೋ ಮೊಬೈಲಿನಲ್ಲೇ ಇದೆ, ತೆರೆದರೆ ಗೊತ್ತಾಗುತ್ತದೆ. ಇವತ್ತಿನವರೆಗೂ ತೆರೆದಿಲ್ಲ. ಬೈಸಿಕೊಂಡವನ ಅಂಗಡಿಯ ಬೀದಿಗೂ ಹೋಗಿಲ್ಲ.

ಗುಬ್ಬಿಗೆ ಹೋದಾಗಲೆಲ್ಲ ನೋಡುತ್ತೇನೆ: ದೊಡ್ಡಮ್ಮ ಫೋಟೋಗೆ ಹಾರ ಹಾಕಿ, ಆ ಬೆರಳುಗಳಿಗೆ ಹೂವು ತಗುಲದಂತೆ ಒಂದಿಷ್ಟು ಪಕ್ಕಕ್ಕೆ ಸರಿಸುತ್ತಾರೆ. ನಾನು ತಲೆ ತಗ್ಗಿಸುತ್ತೇನೆ.