ಒಂದು ಒಲೆ, ಐದು ಜನ

"ಅಕ್ಕೋರೆ, ನಿಮ್ಮ ಬಿಡಾರ ಎಲ್ಲಾಯ್ತು?"

ಅಂಕೋಲೆಯಲ್ಲಿ ಬಸ್ಸಿಳಿದು ಕಾಲೇಜಿನ ದಾರಿ ಕೇಳಿದ ನನಗೆ ರಿಕ್ಷಾದವನು ಹಾಕಿದ ಮೊದಲ ಪ್ರಶ್ನೆ ಇದು. ಸಿಟ್ಟು ನೆತ್ತಿಗೇರಿತು. ನಮ್ಮ ವಿಜಯಪುರದ ಕಡೆ ಬಿಡಾರ ಹೂಡುವವರು ಕುರಿಯ ಹಿಂಡಿನ ಜೊತೆ ಬರುವವರು, ಕಬ್ಬು ಕಡಿಯಲು ಬರುವವರು. ನಾನೋ ಸಮಾಜಶಾಸ್ತ್ರದ ಉಪನ್ಯಾಸಕಿ! ವಾರ ಕಳೆದ ಮೇಲೆ ತಿಳಿಯಿತು, ಇಲ್ಲಿ ಬಾಡಿಗೆಗೆ ಹಿಡಿದ ಮನೆಗೆಲ್ಲ ಬಿಡಾರವೆಂದೇ ಹೆಸರು, ದೊಡ್ಡ ಸಾಹೇಬರದ್ದೂ ಬಿಡಾರವೇ. 'ಅಕ್ಕೋರು' ಎಂದರೆ ಟೀಚರು. ಸ್ಥಾನಮಾನದ ಪಾಠ ಹೇಳುವವಳಿಗೇ ಸ್ಥಾನದ ಚಿಂತೆ ಎಂದು ಒಬ್ಬಳೇ ನಕ್ಕೆ.

ನನಗೆ ಬಿಡಾರ ಸಿಕ್ಕಿದ್ದು ಹಟ್ಟಿಕೇರಿಯ ಬೀರಮ್ಮನ ಮನೆಯ ಹೊರಕೋಣೆಯಲ್ಲಿ. ಒಳಗೆ ಬೀರಮ್ಮ, ಗಂಡ ಹಮ್ಮಣ್ಣ, ಸೊಸೆ ಶೋಭಾ, ಪುಟ್ಟ ಮೊಮ್ಮಗಳು. ಇದ್ದ ತುಂಡು ಗದ್ದೆ ಸಾಗುವಳಿ ಮಾಡಿ, ಉಳಿದ ದಿನ ಕೂಲಿಗೆ ಹೋಗುವವರು. ಮಗ ಗಣಪತಿ ಗೋವೆಯಲ್ಲಿ ಲಾರಿ ಓಡಿಸುತ್ತಾನೆ, ಚೌತಿಗೆ ಬರುತ್ತಾನೆ.

ನಾನು ಊರಿಂದ ಒಂದು ಗ್ಯಾಸ್ ಒಲೆ, ಒಂದು ಚೀಲ ಜೋಳದ ಹಿಟ್ಟು ತಂದಿದ್ದೆ. ನಮ್ಮಲ್ಲಿ ತಿಂಗಳುಗಟ್ಟಲೆ ಕೆಡದ ಹಿಟ್ಟಿಗೆ ಇಲ್ಲಿಯ ಮಳೆಗಾಲದಲ್ಲಿ ಹುಳ ಬಿತ್ತು. ಹಿಟ್ಟು ಚೆಲ್ಲುತ್ತ ಅಳುತ್ತಿದ್ದೆ.

"ಎಂತಕ್ಕೆ ಒಬ್ರೇ ಬೇಯ್ಸ್ಕಂಡು ಉಂಬೂದು? ಬನ್ನಿ ಒಳಗೆ," ಎಂದರು ಬೀರಮ್ಮ.

ಅಂದಿನಿಂದ ಅವರ ಕುಚ್ಚಲಕ್ಕಿ ಅನ್ನವೇ ನನ್ನ ಅನ್ನ. ಬಂಗಡೆ ಮೀನಿನ ಮುಳ್ಳು ಬಿಡಿಸುವುದನ್ನು ಕಲಿಸಿದ್ದು ಮೊಮ್ಮಗಳು. ನಾನು ಮೊದಲ ಬಾರಿ ಮುಳ್ಳು ಸಿಗದೆ ಒಂದಿಡೀ ಬಂಗಡೆ ತಿಂದ ದಿನ ಅವಳು ಚಪ್ಪಾಳೆ ತಟ್ಟಿದಳು. ಡಿಗ್ರಿ ಪಡೆದಾಗಲೂ ನನಗೆ ಅಷ್ಟು ಖುಷಿಯಾಗಿರಲಿಲ್ಲ.

ಈ ವರ್ಷ ಜನಸಂಖ್ಯೆಯ ಪಾಠ ಬಂತು. ಊರಿನ ತಲೆಯೆಣಿಕೆ ಬದಲಾಗುವುದು ಮೂರೇ ದಾರಿಯಲ್ಲಿ: ಜನನ, ಮರಣ, ವಲಸೆ. ಮನೆಮನೆಗೆ ಹೋಗಿ ನೀವೇ ಎಣಿಸಿ ಎಂದು ವಿದ್ಯಾರ್ಥಿಗಳನ್ನು ಕಳಿಸಿದೆ. ನಿಯಮವನ್ನೂ ಕೊಟ್ಟೆ: ಒಂದೇ ಒಲೆಯಲ್ಲಿ ಬೆಂದದ್ದನ್ನು ದಿನವೂ ಉಣ್ಣುವವರು ಒಂದು ಮನೆ, ಬೇರೆ ಊರಲ್ಲಿ ಉಣ್ಣುವವರನ್ನು ಬರೆಯಕೂಡದು. ನಮ್ಮ ಅಂಗಳಕ್ಕೆ ಬಂದವಳು ಅಶ್ವಿನಿ.

"ಎಷ್ಟು ಜನ, ಅಮ್ಮಾ?"

"ಐದು," ಎಂದ ಬೀರಮ್ಮ ಮೊದಲು ಹೇಳಿದ್ದೇ ಮಗನ ಹೆಸರು.

"ಗಣಪಣ್ಣ ಗೋವೆಲಿ ಉಂಬೂದಲ್ಲ? ಅವ್ರನ್ನ ಬರೆಯೂಕಾಗೂದಿಲ್ಲ. ಅಕ್ಕೋರೇ ಹೇಳಿದ್ರು."

ಬೀರಮ್ಮ ನನ್ನತ್ತ ತಿರುಗಿದರು. "ನಾ ಹೆತ್ತವ ನನ್ನ ಮನೆಯವ ಅಲ್ವಾ, ಅಕ್ಕೋರೆ?"

ಕುಟುಂಬ ಬೇರೆ, ಮನೆಯ ಲೆಕ್ಕ ಬೇರೆ ಎಂದು ತರಗತಿಯಲ್ಲಿ ಗಂಟೆಗಟ್ಟಲೆ ಹೇಳುವ ನಾನು ಅಶ್ವಿನಿಯ ಹಾಳೆಯತ್ತ ಕಣ್ಣು ಹೊರಳಿಸಿದೆ. ಅಶ್ವಿನಿ ಹೆಸರಿನ ಮೇಲೆ ಗೆರೆ ಎಳೆದಳು. ಶೋಭಾ ಮುಖ ತಿರುಗಿಸಿ ಒಳಗೆ ಹೋದಳು. ಬೀರಮ್ಮ ಆ ಗೆರೆಯ ಪಕ್ಕ ಬೆರಳಿಟ್ಟರು.

"ಒಲೆದೇ ಲೆಕ್ಕ ಆದ್ರೆ ಅಕ್ಕೋರ ಹೆಸ್ರು ಬರಿ. ನಮ್ಮ ಒಲೆದೇ ಅಲ್ಲ ಅವ್ರು ಉಂಬೂದು? ನನ್ನ ಮನೇಲಿ ಐದೇ ಜನ."

"ಅವ್ರದು ಬಿಡಾರ ಅಲ್ವಾ, ಅಮ್ಮಾ?"

"ಬಿಡಾರದವ್ರು ಬಾಗ್ಲಲ್ಲಿ ನಿಂತು ಮಾತಾಡ್ತರು. ಇವ್ರು ಪಾತ್ರೆ ಮುಚ್ಚಳ ತೆಗ್ದು ನೋಡ್ತರು!"

ಒಬ್ಬ ಹೋದ, ಒಬ್ಬಳು ಬಂದಳು. ಐದು ಐದಾಗಿಯೇ ಉಳಿಯಿತು. ನನಗೆ ಕಣ್ಣು ತುಂಬಿ ಬಂತು. ಪರವೂರಿನಲ್ಲಿ ಇಷ್ಟು ಸುಲಭವಾಗಿ ಯಾರು ಯಾರನ್ನು ಮನೆಯವರೆನ್ನುತ್ತಾರೆ? ಗಣಪತಿಯ ಮಣೆಯ ಮೇಲೆ ಕೂತುಬಿಟ್ಟೆನಲ್ಲ ಎಂಬ ಸಂಕಟವೂ ಆಯಿತು.

ಸಂಜೆ ಫೋನಿನಲ್ಲಿ ಅವ್ವನಿಗೆ ಎಲ್ಲ ಹೇಳಿದೆ.

"ಹಂಗಾದ್ರ ನಮ್ಮನಿ ಲೆಕ್ಕದಾಗ ನೀ ಇಲ್ಲೇನ?"

"ನಿಯಮದ ಪ್ರಕಾರ ಇಲ್ಲವ್ವ."

"ನಿನ್ನ ನೇಮಕ್ಕ ಬೆಂಕಿ ಹಚ್ಚ! ದಿನಾ ನಿನ್ನ ಹೆಸರೀಲೆ ಒಂದ್ ರೊಟ್ಟಿ ಬಡೀತೀನಿ. ನೀ ಇಲ್ಲಂತ ನಾಯಿ ತಿಂತೈತಿ. ಅದನ್ನೂ ಬರಕೊ."

ನಾನು ನಕ್ಕೆ. ನಗು ಅರ್ಧಕ್ಕೇ ನಿಂತಿತು. ಅಷ್ಟರಲ್ಲಿ ಒಳಗಿಂದ ಶೋಭಾ ಕೂಗಿದಳು: "ಅಕ್ಕೋರೆ, ಅನ್ನ ತಣೀತದೆ!"

"ಬಂದೆ," ಎಂದೆ.

ಫೋನಿನಲ್ಲಿ ಅವ್ವ ಕೇಳಿದಳು: "ಯಾವಾಗ?"